ರೇಷ್ಮೆಯ ಲೆಕ್ಕ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಾರೋಹಳ್ಳಿ ಸಿಗುತ್ತದೆ. ಅದರ ಸುತ್ತಿನ ಸೀಮೆಯಲ್ಲಿ ಹಿಪ್ಪುನೇರಳೆಯ ತೋಟಗಳಿವೆ. ಊರಿಗೆ ಹೊಂದಿಕೊಂಡು ದೊಡ್ಡದೊಂದು ಕೈಗಾರಿಕಾ ಪ್ರದೇಶವಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಒಳಗೊಂಡ ಈ ಭಾಗದಲ್ಲಿ ರೇಷ್ಮೆಯು ಊರೂರುಗಳ ಬದುಕಿನ ಬೆನ್ನೆಲುಬಾಗಿದೆ. ರೈತನ ಮನೆಯಲ್ಲಿ ಹುಳು ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಆ ಗೂಡು ರಾಮನಗರದ ಸರ್ಕಾರಿ ಮಾರುಕಟ್ಟೆಗೆ ಬರುತ್ತದೆ. ಏಷ್ಯದಲ್ಲೇ ಅತಿ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ರೇಷ್ಮೆಗೂಡನ್ನು ಸರ್ಕಾರದ ಮಾರುಕಟ್ಟೆಯಲ್ಲಿಯೇ ಹರಾಜಿನಲ್ಲಿ ಮಾರಬೇಕೆಂಬ ವ್ಯವಸ್ಥೆಗೆ ಬುನಾದಿ ಹಾಕಿದುದು 1959ರ ಶಾಸನ. ನೂಲು ಬಿಚ್ಚುವ ಕಸುಬಿನವರು, ಅಂದರೆ ರೀಲರುಗಳು, ಗೂಡನ್ನು ಕೈಯಲ್ಲಿ ಹಿಡಿದು ನೋಡಿ, ಅದರ ಗಟ್ಟಿತನವನ್ನು ಅಳೆದು, ಬೆಲೆ ಕಟ್ಟುತ್ತಾರೆ.

ಈ ಮಾರುಕಟ್ಟೆಯಲ್ಲಿ ಒಂದು ದಿನ ನಿಂತು ಕೇಳಿದರೆ ಎರಡು ದೇಶಗಳ ಹೆಸರು ಕಿವಿಗೆ ಬೀಳುತ್ತದೆ. ಒಂದು ನಮ್ಮದು, ಇನ್ನೊಂದು ಚೀನ. 'ಚೀನದ ನೂಲು ಬಂದರೆ ಬೆಲೆ ಇಳಿಯುತ್ತದೆ' ಎಂಬ ಮಾತು ರೇಷ್ಮೆ ಬೆಳೆಯುವ ಮನೆಗಳಲ್ಲಿ ಬಹಳ ಕಾಲದಿಂದ ಇದೆ. ರೇಷ್ಮೆಯ ಉತ್ಪಾದನೆಯಲ್ಲಿ ಚೀನ ಮೊದಲನೆಯದು, ಭಾರತ ಎರಡನೆಯದು ಎಂದು ನಾವು ಪುಸ್ತಕಗಳಲ್ಲಿ ಓದುತ್ತೇವೆ. ಓದಿ, ನೆನಪಿನಲ್ಲಿಟ್ಟು, ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಮೊದಲನೆಯದು, ಎರಡನೆಯದು ಎಂಬ ಮಾತಿನ ಅರ್ಥವೇನು? ಎರಡು ದೇಶಗಳ ಉತ್ಪಾದನೆಯನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವಾಗ ಯಾವ ಎಚ್ಚರ ಬೇಕು? ಈ ಪಾಠದಲ್ಲಿ ನಾವು ನೋಡಬೇಕಾದುದು ಇದನ್ನು.

ಸ್ಥಾನಗಳು ಶಾಶ್ವತವಲ್ಲ ಎಂಬುದನ್ನು ರೇಷ್ಮೆಯ ಚರಿತ್ರೆ ಮೊದಲು ಕಲಿಸುತ್ತದೆ. ರೇಷ್ಮೆಯ ತವರು ಚೀನ. ಅಲ್ಲಿಂದ ಈ ವಿದ್ಯೆ ಹಲವು ನಾಡುಗಳಿಗೆ ಹಬ್ಬಿತು. ಮೈಸೂರು ಸೀಮೆಯಲ್ಲಿ ಅದು ಬೇರೂರಿದ್ದು 18ನೆಯ ಶತಮಾನದ ಕೊನೆಯ ಭಾಗದಲ್ಲಿ, ಟಿಪ್ಪು ಸುಲ್ತಾನನ ಆಶ್ರಯದಲ್ಲಿ. 19ನೆಯ ಶತಮಾನದ ಮಧ್ಯದಲ್ಲಿ ಯುರೋಪಿನ ರೇಷ್ಮೆಹುಳುಗಳಿಗೆ ಗಂಟುರೋಗ ತಗಲಿ, ಫ್ರಾನ್ಸಿನ ರೇಷ್ಮೆ ಉದ್ಯಮ ತತ್ತರಿಸಿತು. ವಿಜ್ಞಾನಿ ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ಈ ರೋಗವನ್ನು ಅಭ್ಯಾಸ ಮಾಡಿ, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನು ಆರಿಸುವ ದಾರಿ ತೋರಿದರು. ಇದೇ ಕಾಲದಲ್ಲಿ ಜಪಾನು ಹೊರನಾಡುಗಳೊಡನೆ ವ್ಯಾಪಾರಕ್ಕೆ ಬಾಗಿಲು ತೆರೆದಿತ್ತು. 1872ರಲ್ಲಿ ಅಲ್ಲಿನ ಸರ್ಕಾರ ತೊಮಿಯೊಕಾ ಎಂಬಲ್ಲಿ ಮಾದರಿ ನೂಲು ಕಾರ್ಖಾನೆಯನ್ನು ಸ್ಥಾಪಿಸಿತು. ಯಂತ್ರ, ತರಬೇತಿ, ಉತ್ತಮ ತಳಿ ಇವು ಮೂರನ್ನೂ ಜಪಾನು ಒಟ್ಟಿಗೆ ಹಿಡಿಯಿತು. 20ನೆಯ ಶತಮಾನದ ಆದಿಯಲ್ಲಿ ಅದು ರಫ್ತಿನಲ್ಲಿ ಚೀನವನ್ನು ಹಿಂದಿಕ್ಕಿತು. 1930ರ ದಶಕದಲ್ಲಿ ಒಂದು ವರ್ಷಕ್ಕೆ 40,000 ಟನ್ನಿಗೂ ಮಿಗಿಲಾದ ಕಚ್ಚಾ ರೇಷ್ಮೆಯನ್ನು ತೆಗೆಯಿತು.

ಜಪಾನಿನ ಈ ಏಳಿಗೆಯನ್ನು ಕಂಡವರಲ್ಲಿ ಜೆಮ್‌ಶೆಟ್‌ಜಿ ಟಾಟಾ ಒಬ್ಬರು. ಅವರು 19ನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ಸ್ಥಾಪಿಸಿ, ಜಪಾನಿನ ತಜ್ಞರನ್ನು ಕರೆಸಿ, ಆ ದೇಶದ ವಿಧಾನವನ್ನು ಇಲ್ಲಿ ಕಲಿಸಲು ಯತ್ನಿಸಿದರು. ಬಸವನಗುಡಿಯ ಬಳಿಯ ಒಂದು ಬಡಾವಣೆಗೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ಆದರೆ ಜಪಾನಿನ ಉನ್ನತಿಯೂ ಉಳಿಯಲಿಲ್ಲ. ಯುದ್ಧ ಬಂದಿತು, ನೈಲಾನ್ ಬಂದಿತು, ಯುದ್ಧಾನಂತರ ಮೋಟಾರು, ಯಂತ್ರ, ವಿದ್ಯುತ್ ಉಪಕರಣಗಳ ಕಾರ್ಖಾನೆಗಳು ಎದ್ದವು. ಹುಳು ಸಾಕುವ ಕೈಗಳು ಕಾರ್ಖಾನೆಗೆ ಹೋದವು. ಇಂದು ಜಪಾನಿನ ವಾರ್ಷಿಕ ಕಚ್ಚಾ ರೇಷ್ಮೆ 50 ಟನ್ನನ್ನೂ ಮುಟ್ಟುವುದಿಲ್ಲ. ಮೊದಲ ಸ್ಥಾನ ಮತ್ತೆ ಚೀನದ ಪಾಲಾಯಿತು.

ಈಗ ನಮ್ಮ ಕಾಲದ ಲೆಕ್ಕಕ್ಕೆ ಬರೋಣ. ರೇಷ್ಮೆ ಬೆಳೆಯುವ ದೇಶಗಳ ಅಂಕಿಗಳನ್ನು ಒಟ್ಟುಗೂಡಿಸುವ ಅಂತರರಾಷ್ಟ್ರೀಯ ರೇಷ್ಮೆ ಆಯೋಗವು ಮೊದಲು ಫ್ರಾನ್ಸಿನ ಲಿಯಾನ್ ನಗರದಲ್ಲಿತ್ತು. 2013ರಿಂದ ಅದರ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಭಾರತದ ಅಂಕಿಗಳನ್ನು 1949ರಲ್ಲಿ ಸ್ಥಾಪಿತವಾದ ಕೇಂದ್ರ ರೇಷ್ಮೆ ಮಂಡಳಿ ಕೊಡುತ್ತದೆ. ಎರಡು ದೇಶಗಳ ಕಚ್ಚಾ ರೇಷ್ಮೆಯ ಉತ್ಪಾದನೆ ಹೀಗಿದೆ (ಟನ್ನುಗಳಲ್ಲಿ):

2015: ಚೀನ 1,70,000, ಭಾರತ 28,523
2018: ಚೀನ 1,20,000, ಭಾರತ 35,468
2019: ಚೀನ 68,600, ಭಾರತ 35,820
2021: ಚೀನ 46,700, ಭಾರತ 34,903
2022: ಚೀನ 50,000, ಭಾರತ 36,582

ಪಟ್ಟಿಯನ್ನು ನೋಡಿದೊಡನೆ ಕಣ್ಣಿಗೆ ಹೊಡೆಯುವುದು ಒಂದೇ ಸಂಗತಿ. 2015ರಲ್ಲಿ ಚೀನದ ರೇಷ್ಮೆ ನಮ್ಮದರ ಸುಮಾರು ಆರು ಪಟ್ಟು ಇತ್ತು. 2022ರಲ್ಲಿ ಅದು ಒಂದೂವರೆ ಪಟ್ಟಿಗಿಂತಲೂ ಕಡಮೆ. 'ಭಾರತವು ಚೀನದ ಬೆನ್ನಿಗೇ ಬಂದು ನಿಂತಿದೆ' ಎಂದು ಯಾರಾದರೂ ಹೇಳಿದರೆ ಆ ಮಾತು ಸುಳ್ಳಲ್ಲ. ಆದರೂ ಅದನ್ನು ಒರೆಗೆ ಹಚ್ಚಿ ನೋಡುವುದು ಅಗತ್ಯ.

ಮೊದಲು ಕೇಳಬೇಕಾದ ಪ್ರಶ್ನೆ: ಅಂತರ ಕಡಮೆಯಾದದ್ದು ಯಾರಿಂದ? 2015ರಲ್ಲಿ ಎರಡು ದೇಶಗಳ ನಡುವಣ ಅಂತರ 1,41,477 ಟನ್ನು. 2022ರಲ್ಲಿ 13,418 ಟನ್ನು. ಅಂದರೆ ಅಂತರವು 1,28,059 ಟನ್ನಿನಷ್ಟು ಕುಗ್ಗಿತು. ಇದರಲ್ಲಿ ಭಾರತ ಹೆಚ್ಚಿಸಿಕೊಂಡದ್ದು 8,059 ಟನ್ನು ಮಾತ್ರ. ಉಳಿದ 1,20,000 ಟನ್ನು ಚೀನದ ಇಳಿಕೆ. ಅಂತರ ಕುಗ್ಗಿದ್ದರಲ್ಲಿ ನೂರಕ್ಕೆ ಆರು ಪಾಲು ನಮ್ಮ ಏರಿಕೆಯಿಂದ, ತೊಂಬತ್ತನಾಲ್ಕು ಪಾಲು ಅವರ ಇಳಿಕೆಯಿಂದ. ಗುಡ್ಡದ ಮೇಲಿದ್ದವನು ಕೆಳಗಿಳಿದು ಬಂದರೆ ತಪ್ಪಲಿನಲ್ಲಿರುವವನು ಅವನಿಗೆ ಹತ್ತಿರವಾಗುತ್ತಾನೆ. ಆದರೆ ತಾನು ಗುಡ್ಡ ಹತ್ತಿದೆನೆಂದು ಅವನು ಹೇಳಿಕೊಳ್ಳುವಂತಿಲ್ಲ. ಹಾಗೆಂದು ನಮ್ಮ ಏರಿಕೆ ಅಲ್ಪವೂ ಅಲ್ಲ. ಏಳು ವರ್ಷಗಳಲ್ಲಿ ನೂರಕ್ಕೆ 28ರಷ್ಟು ಹೆಚ್ಚುವುದು ಸಾವಿರಾರು ಕುಟುಂಬಗಳ ದುಡಿಮೆಯ ಫಲ. ಅದನ್ನು ಅದರದೇ ಹೆಸರಿನಲ್ಲಿ ಹೊಗಳಬೇಕು. ಇನ್ನೊಬ್ಬರ ಇಳಿಕೆಯನ್ನು ಅದಕ್ಕೆ ಕೂಡಿಸಬಾರದು.

ಎರಡನೆಯ ಪ್ರಶ್ನೆ: ಲೆಕ್ಕಕ್ಕೆ ಹಿಡಿದದ್ದು ಯಾವುದನ್ನು? 2022-23ರಲ್ಲಿ ಭಾರತದ 36,582 ಟನ್ನಿನಲ್ಲಿ ಹಿಪ್ಪುನೇರಳೆ ರೇಷ್ಮೆ 27,654 ಟನ್ನು. ಉಳಿದ 8,928 ಟನ್ನು ಟಸ್ಸರ್, ಎರಿ, ಮೂಗಾ ಎಂಬ ವನ್ಯ ರೇಷ್ಮೆಗಳದು. ಅಸ್ಸಾಮಿನ ಹೊಂಬಣ್ಣದ ಮೂಗಾ, ಜಾರ್ಖಂಡದ ಕಾಡುಗಳ ಟಸ್ಸರ್, ಈಶಾನ್ಯ ರಾಜ್ಯಗಳ ಎರಿ ಇವೆಲ್ಲ ನಮ್ಮ ಹೆಮ್ಮೆ. ಆದರೆ ಚೀನದ ರೇಷ್ಮೆಯಲ್ಲಿ ಬಹುಪಾಲು ಹಿಪ್ಪುನೇರಳೆಯದು. ಆ ದೇಶದ ಮೊತ್ತವನ್ನು ನಮ್ಮ ಹಿಪ್ಪುನೇರಳೆ ರೇಷ್ಮೆಯೊಂದರ ಪಕ್ಕದಲ್ಲಿಟ್ಟರೆ, ಅದು ಸುಮಾರು 1.8 ಪಟ್ಟು ಆಗುತ್ತದೆ. ಭತ್ತವನ್ನು ಭತ್ತದೊಡನೆಯೂ ರಾಗಿಯನ್ನು ರಾಗಿಯೊಡನೆಯೂ ಅಳೆಯಬೇಕೆಂಬುದು ಕಣದ ನ್ಯಾಯ. ಅದೇ ನ್ಯಾಯ ಅಂಕಿಗಳಿಗೂ ಸಲ್ಲುತ್ತದೆ. ಇನ್ನೊಂದು ಸೂಕ್ಷ್ಮವೂ ಉಂಟು. ನಮ್ಮ ಲೆಕ್ಕದ ವರ್ಷ ಏಪ್ರಿಲಿನಿಂದ ಮಾರ್ಚಿಯವರೆಗೆ. ಚೀನದ್ದು ಜನವರಿಯಿಂದ ಡಿಸೆಂಬರಿನವರೆಗೆ. ಪಟ್ಟಿಯಲ್ಲಿ ಎರಡಕ್ಕೂ ಒಂದೇ ವರ್ಷದ ಹೆಸರಿದ್ದರೂ ಒಳಗಿನ ತಿಂಗಳುಗಳು ಒಂದೇ ಅಲ್ಲ.

ಪಟ್ಟಿಯಲ್ಲಿ ಹಠಾತ್ತಾದ ಜಿಗಿತ ಕಂಡಲ್ಲಿಯೂ ನಿಂತು ಯೋಚಿಸಬೇಕು. 2018ರಿಂದ 2019ಕ್ಕೆ ಚೀನದ ಅಂಕಿ ಒಂದೇ ವರ್ಷದಲ್ಲಿ ನೂರಕ್ಕೆ 43ರಷ್ಟು ಇಳಿದಿದೆ. ಇಷ್ಟು ದೊಡ್ಡ ಇಳಿಕೆಯನ್ನು ಕಂಡಾಗ ವಿವೇಕಿಯಾದ ಓದುಗನು ಎರಡು ಸಾಧ್ಯತೆಗಳನ್ನು ಮುಂದಿಟ್ಟುಕೊಳ್ಳುತ್ತಾನೆ. ನಿಜವಾಗಿಯೂ ಅಷ್ಟು ರೇಷ್ಮೆ ಕಡಮೆಯಾಯಿತೇ? ಅಥವಾ ಎಣಿಸುವ ಕ್ರಮವೇ ಬದಲಾಯಿತೇ? ಅಳತೆಗೋಲು ಬದಲಾದರೆ ಬಟ್ಟೆಯ ಉದ್ದವೂ ಬದಲಾದಂತೆ ತೋರುತ್ತದೆ. ಇದನ್ನು ವಿಚಾರಿಸದೆ ತೀರ್ಪು ಕೊಡುವುದು ಆತುರವಾಗುತ್ತದೆ.

ಮೂರನೆಯ ಪ್ರಶ್ನೆ: ಯಾವ ವರ್ಷದಿಂದ ಎಣಿಸಿದರು? 2015ರಿಂದ ಹೊರಟರೆ ಚೀನ ನೂರಕ್ಕೆ 70ರಷ್ಟು ಇಳಿದಿದೆ, ಭಾರತ ನೂರಕ್ಕೆ 28ರಷ್ಟು ಏರಿದೆ. ಇದೇ ಪಟ್ಟಿಯಲ್ಲಿ 2021ರಿಂದ ಹೊರಡಿ. ಆಗ 2022ಕ್ಕೆ ಚೀನ ನೂರಕ್ಕೆ 7ರಷ್ಟು ಏರಿದೆ. ಭಾರತ ನೂರಕ್ಕೆ 5ರಷ್ಟೂ ಏರಿಲ್ಲ. ಮೊದಲನೆಯ ಲೆಕ್ಕದಲ್ಲಿ ನಾವು ಮುಂದೆ. ಎರಡನೆಯ ಲೆಕ್ಕದಲ್ಲಿ ಅವರು ಮುಂದೆ. ಎರಡೂ ಲೆಕ್ಕಗಳಲ್ಲಿ ಕೂಡುವ ಕಳೆಯುವ ತಪ್ಪಿಲ್ಲ. ಹೊರಡುವ ಜಾಗವನ್ನು ಆರಿಸುವವನು ತನಗೆ ಬೇಕಾದ ಊರನ್ನು ಸುಲಭವಾಗಿ ತಲಪುತ್ತಾನೆ. ಆದಕಾರಣ ಎರಡು ವರ್ಷಗಳನ್ನು ಮಾತ್ರ ಹಿಡಿದು ಮಾಡಿದ ಹೋಲಿಕೆಗಿಂತ, ನಡುವಣ ವರ್ಷಗಳನ್ನೆಲ್ಲ ತೋರಿಸುವ ಹೋಲಿಕೆಯೇ ನಂಬಿಕೆಗೆ ಹೆಚ್ಚು ಅರ್ಹ.

ನಾಲ್ಕನೆಯ ಪ್ರಶ್ನೆ: ತೂಕವೊಂದೇ ಸಾಕೇ? ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕೆಂಬುದನ್ನು ರೀಲರುಗಳು ರೆಂಡಿಟ್ಟ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಸಾಕುವ ಮಿಶ್ರತಳಿಯ ಗೂಡಿಗೆ ಇದು ಸಾಮಾನ್ಯವಾಗಿ ಏಳು ಎಂಟು; ಒಳ್ಳೆಯ ದ್ವಿತಳಿ ಗೂಡಿಗೆ ಆರರ ಆಸುಪಾಸು. 840 ಕಿಲೋ ಗೂಡನ್ನು ಒಲೆಗೆ ಹಾಕಿದರೆ ರೆಂಡಿಟ್ಟ ಏಳಾದಾಗ 120 ಕಿಲೋ ನೂಲು, ಆರಾದಾಗ 140 ಕಿಲೋ ನೂಲು. ಉತ್ತಮ ದ್ವಿತಳಿ ಗೂಡಿನ ಎಳೆ ಸಾವಿರ ಮೀಟರಿಗೂ ಉದ್ದವಾಗಿ, ನಡುವೆ ಕಡಿಯದೆ ಬರುತ್ತದೆ. ವೇಗದ ವಿದ್ಯುತ್ ಮಗ್ಗಕ್ಕೆ ಅಂಥ ನೂಲೇ ಬೇಕು. ಚೀನದ ನೂಲು ಬಹುಮಟ್ಟಿಗೆ ದ್ವಿತಳಿಯದು. ನಮ್ಮ ಹಿಪ್ಪುನೇರಳೆ ರೇಷ್ಮೆಯಲ್ಲಿ 2022-23ರಲ್ಲಿ ದ್ವಿತಳಿಯದು ಸುಮಾರು ಮೂರರಲ್ಲಿ ಒಂದು ಪಾಲು. ಹೀಗಾಗಿ ಎರಡು ದೇಶಗಳ ಒಂದೊಂದು ಟನ್ನು ತೂಕದಲ್ಲಿ ಸಮವಾದರೂ ಗುಣದಲ್ಲಿ, ಬೆಲೆಯಲ್ಲಿ ಸಮವೆಂದು ಹೇಳಲಾಗದು.

ಈ ದಾರಿಯಲ್ಲಿ ನಾವು ಕೈಕಟ್ಟಿ ಕುಳಿತಿಲ್ಲ. ಹೆಚ್ಚು ಸೊಪ್ಪು ಕೊಡುವ ಕಣ್ವ-2 ಎಂಬ ಹಿಪ್ಪುನೇರಳೆಯ ತಳಿ ಚನ್ನಪಟ್ಟಣದ ಬಳಿಯ ಕಣ್ವದಲ್ಲಿ ಆಯ್ದು ಬೆಳೆಸಿದ್ದು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯು 1991ರಿಂದ ಜಪಾನಿನ ತಜ್ಞರ ನೆರವಿನೊಡನೆ ನಮ್ಮ ಹವೆಗೆ ಒಗ್ಗುವ ದ್ವಿತಳಿಗಳನ್ನು ರೂಪಿಸಿತು. ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರಗಳು ಚೀನದಿಂದಲೇ ಬಂದವು. ನಾವು ಯಾರೊಡನೆ ಹೋಲಿಸಿಕೊಳ್ಳುತ್ತೇವೆಯೋ ಅವರಿಂದಲೇ ಕಲಿತಿದ್ದೇವೆ ಎಂಬುದನ್ನು ಇದು ತೋರಿಸುತ್ತದೆ.

ದೇಶದ ಗಾತ್ರವನ್ನೂ ಮರೆಯುವಂತಿಲ್ಲ. ಭಾರತ, ಚೀನ ಎರಡರ ಜನಸಂಖ್ಯೆಯೂ ಸುಮಾರು 140 ಕೋಟಿ. 2022ರ ರೇಷ್ಮೆಯನ್ನು ತಲೆಗೆ ಹಂಚಿದರೆ ಚೀನದಲ್ಲಿ ಸುಮಾರು 36 ಗ್ರಾಂ, ಭಾರತದಲ್ಲಿ ಸುಮಾರು 26 ಗ್ರಾಂ. 1930ರ ದಶಕದ ಜಪಾನಿನ ಜನಸಂಖ್ಯೆ ಏಳು ಕೋಟಿಯ ಆಸುಪಾಸು. ಅಲ್ಲಿ ತಲೆಗೆ ಅರ್ಧ ಕಿಲೋವಿಗೂ ಹೆಚ್ಚು ರೇಷ್ಮೆ ಬಂದಿತ್ತು! ಮೊತ್ತದಲ್ಲಿ ಇಂದಿನ ಚೀನಕ್ಕಿಂತ ಹಿಂದಿದ್ದ ಆ ಪುಟ್ಟ ದೇಶ ಪ್ರಮಾಣದಲ್ಲಿ ಎಷ್ಟು ಮುಂದಿತ್ತೆಂಬುದು ಈ ಅಳತೆಯಿಂದ ಮಾತ್ರ ತಿಳಿಯುತ್ತದೆ.

ಇಷ್ಟೆಲ್ಲ ಪ್ರಶ್ನೆಗಳು ಗಣಿತದ ಚಮತ್ಕಾರಕ್ಕಾಗಿ ಅಲ್ಲ. ಇಂಥ ಅಂಕಿಗಳನ್ನು ಮುಂದಿಟ್ಟುಕೊಂಡೇ ಸರ್ಕಾರಗಳು ಸುಂಕವನ್ನು ನಿರ್ಧರಿಸುತ್ತವೆ. ಸುಂಕದ ಬಿಸಿ ರೈತನ ಮನೆಗೆ ತಟ್ಟುತ್ತದೆ. ಭಾರತದ ನೇಕಾರರಿಗೆ ಬೇಕಾದಷ್ಟು ನೂಲು ದೇಶದಲ್ಲಿ ಆಗುವುದಿಲ್ಲವಾದುದರಿಂದ ಚೀನದಿಂದ ಆಮದು ನಡೆಯುತ್ತದೆ. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಮೇಲಣ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಲಾಯಿತು. ಅದೇ ವರ್ಷ ಗೂಡಿನ ಬೆಲೆ ಕುಸಿದು, ಕರ್ನಾಟಕದ ರೇಷ್ಮೆ ಬೆಳೆಗಾರರು ಪ್ರತಿಭಟನೆಗೆ ಇಳಿದರು. 2013ರಲ್ಲಿ ಸುಂಕವನ್ನು ನೂರಕ್ಕೆ 15ಕ್ಕೆ ಏರಿಸಲಾಯಿತು. ನೂಲು ಅಗ್ಗವಾದರೆ ಮಗ್ಗದ ಮನೆಯಲ್ಲಿ ನೆಮ್ಮದಿ. ಗೂಡಿಗೆ ಬೆಲೆ ಬಂದರೆ ಹುಳುವಿನ ಮನೆಯಲ್ಲಿ ನೆಮ್ಮದಿ. ಎರಡೂ ನಮ್ಮವೇ ಮನೆಗಳು. ಒಂದು ದೇಶದ ಒಟ್ಟು ಮೊತ್ತದಲ್ಲಿ ಈ ಎರಡು ಮನೆಗಳ ಸುಖದುಃಖ ಬೇರೆಬೇರೆಯಾಗಿ ಕಾಣುವುದಿಲ್ಲ. ದೇಶದ ಹಿಪ್ಪುನೇರಳೆ ರೇಷ್ಮೆಯಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚನ್ನು ಕೊಡುವ ಕರ್ನಾಟಕಕ್ಕೆ ಇದು ಬದುಕಿನ ಪ್ರಶ್ನೆ.

ಹಾಗಾದರೆ ಚೀನದಲ್ಲಿ ರೇಷ್ಮೆ ಏಕೆ ಹಿಂದೆ ಸರಿಯಿತು? ಜಪಾನಿನಲ್ಲಿ ಆದುದೇ ಬೇರೊಂದು ರೀತಿಯಲ್ಲಿ ಅಲ್ಲಿಯೂ ಆಯಿತು. ರೇಷ್ಮೆಗೆ ಹೆಸರಾದ ಪೂರ್ವದ ಝೆಜಿಯಾಂಗ್, ಜಿಯಾಂಗ್ಸು ಪ್ರಾಂತಗಳಲ್ಲಿ ಕಾರ್ಖಾನೆಗಳು ಎದ್ದವು, ಭೂಮಿಯ ಬೆಲೆ ಏರಿತು, ಕೂಲಿ ಹೆಚ್ಚಿತು. ಹುಳು ಸಾಕಣೆ ಅತ್ಯಧಿಕ ಕೈಗಳನ್ನು ಬೇಡುವ ಕಸುಬು. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಶಾಖ ಕಾಯಬೇಕು. ಅದರಿಂದಾಗಿ ರೇಷ್ಮೆಯು ದಕ್ಷಿಣದ ಗುವಾಂಗ್ಸಿ ಪ್ರಾಂತಕ್ಕೆ ಸರಿಯಿತು. ಚೀನದ ಸರ್ಕಾರವೇ 2006ರಿಂದ ಈ ಪೂರ್ವಪಶ್ಚಿಮ ವಲಸೆಗೆ ಒತ್ತಾಸೆ ಕೊಟ್ಟಿತು. ರೇಷ್ಮೆಯನ್ನು ಬಿಟ್ಟ ಪ್ರಾಂತ ಬಡವಾಗಲಿಲ್ಲ. ಅದು ಬೇರೆ ವಸ್ತುಗಳನ್ನು ತಯಾರಿಸತೊಡಗಿತು. ಆದ್ದರಿಂದ ಒಂದು ಪದಾರ್ಥದ ಇಳಿಕೆಯನ್ನು ಕಂಡು ಇಡೀ ದೇಶದ ಕೈಗಾರಿಕೆ ಸೋತಿತೆಂದು ತಿಳಿಯುವುದು ದೊಡ್ಡ ತಪ್ಪು.

ಈ ಮಾತನ್ನು ಹಾರೋಹಳ್ಳಿಯ ಸೀಮೆಗೆ ಅನ್ವಯಿಸಿ ನೋಡಿದರೆ ಅದರ ತೀಕ್ಷ್ಣತೆ ತಿಳಿಯುತ್ತದೆ. ಇಲ್ಲಿಯೂ ತೋಟದ ಪಕ್ಕಕ್ಕೆ ಕಾರ್ಖಾನೆ ಬಂದಿದೆ. ಬೆಳಗ್ಗೆ ಸೊಪ್ಪು ಕೊಯ್ಯಬೇಕಾದ ತರುಣರಿಗೆ ತಿಂಗಳ ಸಂಬಳದ ಕೆಲಸ ಹತ್ತಿರದಲ್ಲೇ ಕಾಣುತ್ತದೆ. ಅವರು ಹೋಗುವುದು ತಪ್ಪಲ್ಲ. ತೋಟದಲ್ಲಿ ಉಳಿಯುವುದೂ ಹಿಂದುಳಿಯುವುದಲ್ಲ. ಜಪಾನು, ಚೀನಗಳ ಪೂರ್ವ ಪ್ರಾಂತಗಳು ನಡೆದ ದಾರಿಯ ಕವಲಿನಲ್ಲಿ ಈ ಸೀಮೆ ಈಗ ನಿಂತಿದೆ. ಕಡಮೆ ಕೈಗಳಿಂದ ಹೆಚ್ಚು ಒಳ್ಳೆಯ ಗೂಡು ತೆಗೆಯುವ ವಿದ್ಯೆ ಬಂದರೆ, ಬೆಲೆ ಸ್ಥಿರವಾಗಿ ನಿಂತರೆ, ಇಲ್ಲಿ ಹಿಪ್ಪುನೇರಳೆ ಉಳಿದೀತು. ಇಲ್ಲವಾದರೆ ಕಾಲಾಂತರದಲ್ಲಿ ಬೇರೆ ಯಾವುದೋ ನಾಡಿನ ಪಠ್ಯಪುಸ್ತಕದಲ್ಲಿ 'ಭಾರತವನ್ನು ನಾವು ಸಮೀಪಿಸಿದ್ದೇವೆ' ಎಂಬ ವಾಕ್ಯ ಅಚ್ಚಾಗಬಹುದು.

ಅಂಕಿಗಳು ಸುಳ್ಳು ಹೇಳುವುದಿಲ್ಲ, ಹೇಳಬೇಕಾದುದನ್ನೆಲ್ಲ ಹೇಳುವುದೂ ಇಲ್ಲ. ಕೇಳಿದಷ್ಟಕ್ಕೇ ಅವು ಉತ್ತರ ಕೊಡುತ್ತವೆ. ಯಾರು ಏರಿದರು, ಯಾರು ಇಳಿದರು, ಏನನ್ನು ಎಣಿಸಿದರು, ಎಂದಿನಿಂದ ಎಣಿಸಿದರು, ಯಾವ ಗುಣದ್ದನ್ನು ತೂಗಿದರು, ಅದರಿಂದ ಯಾರ ಮನೆಯ ಒಲೆ ಉರಿಯಿತು. ಈ ಐದು ಪ್ರಶ್ನೆಗಳನ್ನು ಕೇಳಬಲ್ಲವನು ರೇಷ್ಮೆಯನ್ನಷ್ಟೇ ಅಲ್ಲ, ಉಕ್ಕನ್ನೂ ಸಿಮೆಂಟನ್ನೂ ಮೋಟಾರು ವಾಹನವನ್ನೂ ಹೋಲಿಸಬಲ್ಲನು. ಎರಡು ದೇಶಗಳನ್ನು ತೂಗುವ ತಕ್ಕಡಿಯನ್ನು ಹಿಡಿದವನ ಕೈ ನಡುಗದಿರಬೇಕು. ತನ್ನ ದೇಶದ ತಟ್ಟೆಯ ಮೇಲೆ ಬೆರಳಿಡದಿರುವುದೂ ದೇಶಪ್ರೇಮವೇ.

ಪದಗಳ ಅರ್ಥ

ಸೀಮೆ – ಪ್ರದೇಶ; ಚಂದ್ರಿಕೆ – ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ; ಜ್ವರ – (ಇಲ್ಲಿ) ಹುಳು ಮೇವು ಬಿಟ್ಟು ಪೊರೆ ಕಳಚುವ ಅವಸ್ಥೆ; ತತ್ತರಿಸು – ಅಲ್ಲಾಡು, ಕಂಗೆಡು; ಒರೆಗೆ ಹಚ್ಚು – ಪರೀಕ್ಷಿಸು; ಆಯವ್ಯಯ – ಸರ್ಕಾರದ ವಾರ್ಷಿಕ ಆದಾಯ ವೆಚ್ಚಗಳ ಅಂದಾಜು; ಒತ್ತಾಸೆ – ಬೆಂಬಲ; ಕವಲು – ದಾರಿ ಎರಡಾಗುವ ಸ್ಥಳ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಗಂಟುರೋಗವಿಲ್ಲದ ಮೊಟ್ಟೆಯನ್ನು ಆರಿಸುವ ವಿಧಾನವನ್ನು ತೋರಿದ ವಿಜ್ಞಾನಿ ಯಾರು?
2. ರೆಂಡಿಟ್ಟ ಎಂದರೇನು?
3. ಭಾರತದ ವನ್ಯ ರೇಷ್ಮೆಗಳು ಯಾವುವು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. 2015ರಿಂದ 2022ರವರೆಗೆ ಎರಡು ದೇಶಗಳ ಅಂತರ ಕುಗ್ಗಿದುದರಲ್ಲಿ ಭಾರತದ ಪಾಲು ಎಷ್ಟು? ವಿವರಿಸಿ.
2. ಹೊರಡುವ ವರ್ಷ ಬದಲಾದರೆ ಹೋಲಿಕೆ ಹೇಗೆ ಬದಲಾಗುತ್ತದೆ?
3. ಆಮದು ಸುಂಕದ ವಿಷಯದಲ್ಲಿ ನೇಕಾರನ ಹಿತವೂ ರೈತನ ಹಿತವೂ ಹೇಗೆ ಬೇರೆಯಾಗುತ್ತವೆ?

ಇ) ಸಂದರ್ಭ ಸಹಿತ ವಿವರಿಸಿ.
1. "ಎರಡೂ ನಮ್ಮವೇ ಮನೆಗಳು."
2. "ತನ್ನ ದೇಶದ ತಟ್ಟೆಯ ಮೇಲೆ ಬೆರಳಿಡದಿರುವುದೂ ದೇಶಪ್ರೇಮವೇ."

ಈ) ಬಿಡಿಸಿ, ಸಂಧಿಯ ಹೆಸರು ಬರೆಯಿರಿ: ಅತ್ಯಧಿಕ, ಕಾಲಾಂತರ, ಊರೂರು, ಸುಂಕವನ್ನು.

ಉ) ಸ್ವಂತ ವಾಕ್ಯಗಳಲ್ಲಿ ಬಳಸಿ: ಬೆನ್ನೆಲುಬು, ಕೈಕಟ್ಟಿ ಕುಳಿತುಕೊಳ್ಳು, ಒರೆಗೆ ಹಚ್ಚು.

ಊ) ನಿಮ್ಮ ಊರಿನಲ್ಲಿ ತಯಾರಾಗುವ ಯಾವುದಾದರೊಂದು ಪದಾರ್ಥವನ್ನು ಆರಿಸಿಕೊಳ್ಳಿ. ಹತ್ತು ವರ್ಷಗಳ ಹಿಂದೆ ಮತ್ತು ಈಗ ಅದು ಎಷ್ಟು ತಯಾರಾಗುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು, ಪಾಠದಲ್ಲಿ ಹೇಳಿದ ಐದು ಪ್ರಶ್ನೆಗಳನ್ನು ಹಾಕಿ ಒಂದು ಪುಟ ಬರೆಯಿರಿ.